ಕೆಂಡ ಮುಚ್ಚಿಟ್ಟವನು

"ಮಾತಾಡಬಾರದು, ನಿದ್ದೆ ಹೋಗಬಾರದು, ಕೈಕಾಲು ಆಡಿಸಬಾರದು. ಸುಮ್ನೆ ಉಸಿರಾಡ್ತಾ ಇರಿ, ಅಷ್ಟೇ," ಎಂದು ಹೇಳಿ ಆಸ್ಪತ್ರೆಯ ಊಟದ ಮೇಡಂ ಆ ಪ್ಲಾಸ್ಟಿಕ್ಕಿನ ಗುಮ್ಮಟವನ್ನು ಕೆಂಡಣ್ಣನ ತಲೆಯ ಮೇಲೆ ಇಳಿಸಿದರು. ನೊಣ ಕೂರದಿರಲಿ ಅಂತ ತಿಂಡಿಯ ತಟ್ಟೆಗೆ ಮುಚ್ಚುತ್ತಾರಲ್ಲ, ಅಂಥದ್ದೇ ಮುಚ್ಚಳ, ಆದರೆ ಗಾಜಿನ ಹಾಗೆ ಆಚೆಯದು ಕಾಣುವಂಥದ್ದು. ಅದರ ನೆತ್ತಿಯಿಂದ ಹೊರಟ ಕೊಳವೆ ಮಂಚದ ಪಕ್ಕದ ಯಂತ್ರಕ್ಕೆ ಹೋಗಿತ್ತು. ಮೇಡಂ ಅವನ ಕತ್ತಿನ ಸುತ್ತ ತೆಳು ಹಾಳೆ ಸಿಕ್ಕಿಸಿ, ಗಾಳಿ ಸೋರದ ಹಾಗೆ ಮಾಡಿ, ಒಂದು ಗುಂಡಿ ಒತ್ತಿದರು. ಯಂತ್ರ ಮೆಲ್ಲಗೆ ಗುಯ್‌ಗುಡತೊಡಗಿತು.

ಇಪ್ಪತ್ತು ನಿಮಿಷ ಬಾಯಿಗೆ ಬೀಗ. ಬೇರೆ ದಿನವಾಗಿದ್ದರೆ ಕೆಂಡಣ್ಣನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಇವತ್ತು ಮಾತಾಡುವ ಮನಸ್ಸೇ ಇರಲಿಲ್ಲ. ಮೇಡಂ ತನ್ನನ್ನು ಕಳ್ಳ ಅಂದುಕೊಂಡಿದ್ದಾರೆ, ಕದ್ದು ತಿನ್ನುವುದನ್ನು ಕಂಡುಹಿಡಿಯೋದಕ್ಕೇ ಈ ಯಂತ್ರ ಎಳೆದುಕೊಂಡು ಬಂದಿದ್ದಾರೆ ಅನ್ನುವುದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಐದು ವಾರದಿಂದ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡವನಿಗೆ ಇದಕ್ಕಿಂತ ಅವಮಾನ ಇನ್ನೇನು ಬೇಕು.

ಕೆಂಡಣ್ಣ ಅನ್ನುವುದು ಅವನ ತಾಯಿ ತಂದೆ ಇಟ್ಟ ಹೆಸರಲ್ಲ. ಅದು ಲಾಂಡ್ರಿಯವರು ಇಟ್ಟದ್ದು. ಹೋಟೆಲು ಆಸ್ಪತ್ರೆಗಳ ಬೆಡ್‌ಶೀಟು, ಟವೆಲ್ಲು, ಪರದೆಗಳನ್ನೆಲ್ಲ ಹಬೆಯಲ್ಲಿ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಅಲ್ಲಿನ ಬಾಯ್ಲರಿಗೆ ಇಪ್ಪತ್ತನಾಲ್ಕು ವರ್ಷದಿಂದ ಅವನೇ ಯಜಮಾನ. ಭಾನುವಾರ ಲಾಂಡ್ರಿಗೆ ರಜೆ. ಶನಿವಾರ ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಅವನು ಸಲಾಕೆ ಹಿಡಿದು, ಉರಿಯುವ ಕಲ್ಲಿದ್ದಲನ್ನೆಲ್ಲ ಒಲೆಯ ಹಿಂಭಾಗಕ್ಕೆ ಎಳೆದು ಗುಡ್ಡೆ ಹಾಕಿ, ಮೇಲೆ ಒದ್ದೆ ಬೂದಿ ಬಳಿದು, ಗಾಳಿಬಾಗಿಲನ್ನು ಒಂದು ಬೆರಳಷ್ಟು ಮಾತ್ರ ಬಿಟ್ಟು ಮುಚ್ಚುತ್ತಿದ್ದ. ಇದಕ್ಕೆ ಕೆಂಡ ಮುಚ್ಚಿಡೋದು ಅಂತಾರೆ. ಬೆಂಕಿ ಸಾಯಬಾರದು, ಉರಿಯಲೂ ಬಾರದು. ಒಂದು ಬುಟ್ಟಿ ಕಲ್ಲಿದ್ದಲಿನಲ್ಲಿ ಮೂವತ್ತಾರು ಗಂಟೆ ಅದು ಜೀವ ಹಿಡಿದುಕೊಂಡಿರಬೇಕು. ಸೋಮವಾರ ಬೆಳಿಗ್ಗೆ ಬಂದು ಬೂದಿ ಕೆದಕಿ, ಗಾಳಿ ಬಿಟ್ಟು, ಎರಡು ಸಲಿಕೆ ಕಲ್ಲಿದ್ದಲು ಹಾಕಿದರೆ ಅದು ಎದ್ದು ಕೂರುತ್ತಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಸೋಮವಾರವೂ ಅವನು ಬೆಂಕಿಕಡ್ಡಿ ಗೀರಿದವನಲ್ಲ. ಈ ಮಾತನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಅವನ ಹೊಟ್ಟೆ ಬೆಳೆದದ್ದು ಈಚೆಗೆ. ಎಂಟು ವರ್ಷದ ಹಿಂದೆ ಮ್ಯಾನೇಜರು ಕಲ್ಲಿದ್ದಲು ಸುರಿಯುವುದಕ್ಕೆ ತಾನೇ ತಿರುಗುವ ಒಂದು ಪಟ್ಟಿ ಹಾಕಿಸಿದರು. ಅಂದಿನಿಂದ ಸಲಿಕೆ ಮೂಲೆ ಸೇರಿತು, ಕೆಂಡಣ್ಣ ಕುರ್ಚಿ ಸೇರಿದ. ಕುರ್ಚಿಯಲ್ಲಿ ಕೂತು ಹಬೆಯ ಒತ್ತಡ ತೋರಿಸುವ ಮುಳ್ಳು ನೋಡುವುದೇ ಕೆಲಸ. ಕೂತವನು ಸುಮ್ಮನೆ ಕೂರುತ್ತಾನೆಯೇ? ಇಸ್ತ್ರಿ ಸಾಲಿನ ಹೆಂಗಸರು ತಂದದ್ದರಲ್ಲೆಲ್ಲ ಅವನಿಗೊಂದು ಪಾಲು. ನೋಡನೋಡುತ್ತ ತೊಂಬತ್ತಾರು ಕೆಜಿ.

ಅದರ ಬಗ್ಗೆ ಅವನು ತಲೆ ಕೆಡಿಸಿಕೊಂಡವನಲ್ಲ, ಅಕ್ಕನ ಲಿವರ್ ಕೈಕೊಡುವವರೆಗೆ. ಇದ್ದವಳು ಒಬ್ಬಳೇ ಅಕ್ಕ. ಅಪ್ಪ ಅಮ್ಮ ಹೋದಾಗ ಅವಳಿಗೆ ಹದಿನೇಳು, ಇವನಿಗೆ ಆರು. ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿದು, ಕಾಜಾ ಹಾಕಿ ಇವನನ್ನು ಸಾಕಿದಳು, ಮದುವೆ ಮಾಡಿದಳು, ತಾನು ಮಾತ್ರ ಮದುವೆಯಾಗಲಿಲ್ಲ. ಅವಳ ಪಾಲಿಗೆ ಇವನು ಈಗಲೂ ಪುಟ್ಟ. ತೊಂಬತ್ತಾರು ಕೆಜಿಯ ಪುಟ್ಟ. ಯಾವ ಕಾಲದಲ್ಲೋ ಬಂದಿದ್ದ ಕಾಮಾಲೆ ಒಳಗೊಳಗೇ ಕೂತು ಲಿವರನ್ನು ಕಲ್ಲು ಮಾಡಿತ್ತು. ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಉಳಿಯುತ್ತಾರೆ, ಇಲ್ಲದಿದ್ದರೆ ಕೆಲವೇ ತಿಂಗಳು, ಅಂದರು ಡಾಕ್ಟರು. ರಕ್ತ ಹೊಂದಿದ್ದು ತಮ್ಮನದೊಂದೇ.

"ಕೊಡ್ತೀನಿ. ನಾಳೆನೇ ಕುಯ್ಕೊಳ್ಳಿ," ಅಂದಿದ್ದ ಕೆಂಡಣ್ಣ.

ಡಾಕ್ಟರು ಅವನ ಸ್ಕ್ಯಾನನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. "ನಿಮ್ಮ ಲಿವರಿನ ತುಂಬ ಕೊಬ್ಬು ಕೂತಿದೆ. ಇದನ್ನ ಕುಯ್ದರೆ ಅವರೂ ಉಳಿಯಲ್ಲ, ನೀವೂ ಉಳಿಯಲ್ಲ. ಹತ್ತು ವಾರ ಕೊಡ್ತೀನಿ. ಹತ್ತು ಕೆಜಿ ಇಳಿಸ್ಕೊಂಡು ಬನ್ನಿ. ತೂಕ ಇಳಿದ್ರೆ ಮೊದಲು ಲಿವರಿನ ಕೊಬ್ಬೇ ಕರಗುತ್ತೆ. ಅದಕ್ಕಿಂತ ಹೆಚ್ಚು ದಿನ ಅವರಿಗೆ ಇಲ್ಲ."

ಸುದ್ದಿ ಲಾಂಡ್ರಿಗೆ ಮುಟ್ಟಿದ್ದೇ ತಡ, ಎಲ್ಲರೂ ಪಂಡಿತರಾದರು. ಇಸ್ತ್ರಿ ಸಾಲಿನವರು ಬಿಸಿನೀರಿಗೆ ನಿಂಬೆಹಣ್ಣು ಅಂದರು. ಮಡಿಸುವ ಮೇಜಿನವರು ಐಸಿನ ನೀರು ಅಂದರು. ಲಾರಿ ಡ್ರೈವರು, "ಹಸಿಮೆಣಸಿನಕಾಯಿ ಕಚ್ಚಿ ತಿನ್ನಣ್ಣ, ಒಳಗಿನ ಕಾವು ಏರುತ್ತೆ, ಕೊಬ್ಬೆಲ್ಲ ತಾನಾಗಿ ಉರಿದುಹೋಗುತ್ತೆ," ಅಂದ. ಕೆಂಡಣ್ಣ ಮೂರನ್ನೂ ಮಾಡಿ ನೋಡಿದ. ಮೆಣಸಿನಕಾಯಿಯಿಂದ ಉರಿದದ್ದು ಬೇರೆ.

ಕೊನೆಗೆ ಅವನು ತನ್ನ ವಿದ್ಯೆಯನ್ನೇ ನಂಬಿದ. ಗೋದಾಮಿನಲ್ಲಿ ಕಲ್ಲಿದ್ದಲು ಹೆಚ್ಚಾಗಿದೆ, ಖಾಲಿಯಾಗಬೇಕು. ಹಾಗಾದರೆ ಹೊಸ ಲಾರಿ ಬರಿಸಬೇಡ, ಇದ್ದದ್ದು ತಾನೇ ಉರಿದು ಮುಗಿಯುತ್ತದೆ. ಇಷ್ಟು ಸಣ್ಣ ವಿಷಯ. ಊಟದ ಮೇಡಂ, ಅಂದರೆ ಆಸ್ಪತ್ರೆಯಲ್ಲಿ ಯಾರು ಏನು ಎಷ್ಟು ತಿನ್ನಬೇಕು ಅಂತ ಬರೆದುಕೊಡುವ ಮೇಡಂ, ಮೂರು ಹೊತ್ತಿಗೂ ಅಳೆದು ಬರೆದುಕೊಟ್ಟಿದ್ದ ಚೀಟಿಯಲ್ಲಿ ಅವನು ಅರ್ಧಕ್ಕೂ ಕಡಿಮೆ ತಿಂದ. ಡಬ್ಬಿ ತುಂಬಿಸಿಕೊಂಡು ಹೋಗಿ ದಾರಿಯಲ್ಲಿ ಯಾರಿಗಾದರೂ ಕೊಟ್ಟುಬಿಡುತ್ತಿದ್ದ. ಮೊದಲ ಎರಡು ವಾರದಲ್ಲಿ ಐದು ಕೆಜಿ ಸರ್ರನೆ ಇಳಿಯಿತು. ಮೀಸೆ ತಿರುವಿಕೊಂಡ. ಆಮೇಲೆ ತೂಕದ ಮುಳ್ಳು ತೊಂಬತ್ತೊಂದಕ್ಕೆ ಬಂದು ಕೂತಿತು. ಮೂರು ವಾರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅವನು ಇನ್ನೂ ಕಡಿಮೆ ತಿಂದ. ಮುಳ್ಳು ಇನ್ನೂ ಗಟ್ಟಿಯಾಗಿ ಕೂತಿತು.

ಇಪ್ಪತ್ತನಾಲ್ಕು ವರ್ಷ ಬೆವರಿನಲ್ಲೇ ಮುಳುಗಿದ್ದವನಿಗೆ ಚಳಿ ಹತ್ತಿತು. ಬಾಯ್ಲರಿನ ಎದುರೇ ಸ್ವೆಟರ್ ಹಾಕಿಕೊಂಡು ಕೂತ. ಮೂರು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಹೆಂಡತಿ ಒಂದು ಬೆಳಿಗ್ಗೆ ಅವನ ಕೋಟಿನ ಜೇಬುಗಳನ್ನು ತಡಕುತ್ತಿದ್ದದ್ದು ಕಣ್ಣಿಗೆ ಬಿತ್ತು.

"ರೀ, ಬೈಯಲ್ಲ, ನಿಜ ಹೇಳಿ. ಅಲ್ಲೇನಾದ್ರೂ ಕದ್ದು ತಿಂತಾ ಇದೀರಾ?" ಅಂದಳು.

ಅವನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ಯಂತ್ರ ಗುಯ್‌ಗುಡುವುದನ್ನು ನಿಲ್ಲಿಸಿತು. ಮೇಡಂ ಗುಮ್ಮಟ ಎತ್ತಿದರು. ಪರದೆಯ ಮೇಲೆ ಬಂದ ಅಂಕಿಯನ್ನು ನೋಡಿ, ಮತ್ತೆ ನೋಡಿ, ಕುರ್ಚಿ ಎಳೆದುಕೊಂಡು ಅವನ ಹತ್ತಿರವೇ ಕೂತರು.

"ನೀವು ಎಷ್ಟು ತಿಂತಾ ಇದೀರಿ?"

"ಹೇಳಿದ್ರೆ ನಂಬ್ತೀರಾ?"

"ನಂಬ್ತೀನಿ. ಯಂತ್ರ ಹೇಳ್ತಾ ಇದೆ."

ಕೆಂಡಣ್ಣ ಎದ್ದು ಕೂತ. ಕದ್ದದ್ದನ್ನು ಒಪ್ಪಿಕೊಳ್ಳುವವನ ಹಾಗೆ ತಲೆ ತಗ್ಗಿಸಿ, "ನೀವು ಬರೆದದ್ರಲ್ಲಿ ಅರ್ಧಾನೂ ಇಲ್ಲ ಮೇಡಂ," ಅಂದ.

ಮೇಡಂ ಬೈಯಲಿಲ್ಲ. ಪರದೆಯನ್ನು ಅವನ ಕಡೆ ತಿರುಗಿಸಿ, ಇದು ಉಸಿರು ಅಳೆದು ಮೈಯೊಳಗೆ ಎಷ್ಟು ಉರಿಯುತ್ತಿದೆ ಅಂತ ಹೇಳುವ ಯಂತ್ರ ಅಂದರು. ನಿಮ್ಮಂಥ ಮೈಕಟ್ಟಿನವರು ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸಾವಿರದ ಎಂಟುನೂರು ಕ್ಯಾಲೊರಿ ಉರಿಯಬೇಕು, ಅಂದರು. ಅಂದರೆ ಹಳೇ ಕಾಲದ ಒಂದು ಬಲ್ಬು ಹಗಲೂ ಇರುಳೂ ಆರದೆ ಉರಿದಷ್ಟು. ಈಗ ನಿಮ್ಮಲ್ಲಿ ಸಾವಿರದ ಮುನ್ನೂರೂ ಉರಿಯುತ್ತಿಲ್ಲ. ತಿನ್ನುವುದು ತೀರಾ ಕಡಿಮೆಯಾದಾಗ ದೇಹ ಇದು ಬರಗಾಲ ಅಂದುಕೊಳ್ಳುತ್ತದೆ. ಖರ್ಚು ಇಳಿಸುತ್ತದೆ, ಮೈ ತಣ್ಣಗಾಗಿಸುತ್ತದೆ, ಸ್ನಾಯು ಕರಗಿಸುತ್ತದೆ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪೂರ್ತಿ ನಿಲ್ಲಿಸುವುದಿಲ್ಲ. ಸಾಯದಷ್ಟು ಮಾತ್ರ ಉರಿಸುತ್ತದೆ.

ಕೆಂಡಣ್ಣ ಪರದೆಯನ್ನು ನೋಡಲಿಲ್ಲ. ತನ್ನ ಹೊಟ್ಟೆಯನ್ನು ನೋಡಿದ, ಯಾರೋ ಹೊಸಬರನ್ನು ನೋಡುವ ಹಾಗೆ.

"ಕೆಂಡ ಮುಚ್ಚಿಟ್ಟಿದೆ ಅನ್ನಿ," ಅಂದ.

"ಏನಂದ್ರಿ?"

ಅವನು ಹೇಳಿದ. ಶನಿವಾರ ಸಂಜೆಯ ಸಲಾಕೆ, ಒದ್ದೆ ಬೂದಿ, ಬೆರಳಷ್ಟು ತೆರೆದ ಗಾಳಿಬಾಗಿಲು, ಎಲ್ಲವನ್ನೂ ಕೈ ಆಡಿಸಿ ಆಡಿಸಿ ಹೇಳಿದ. ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು. "ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ," ಅಂದರು.

"ಆದ್ರೆ ಮೇಡಂ, ಇದನ್ನ ಅದಕ್ಕೆ ಕಲಿಸಿದ್ದು ಯಾರು? ಬಾಯ್ಲರ್ ನನ್ನ ಕೈಗೆ ಬರೋ ಮೊದಲು, ಇನ್ನೊಬ್ಬರ ಕೈಕೆಳಗೆ ಇದನ್ನ ಕಲಿಯೋಕೆ ನನಗೆ ನಾಲ್ಕು ವರ್ಷ ಹಿಡೀತು. ಎಷ್ಟು ಸಲ ಬೆಂಕಿ ಸತ್ತುಹೋಗಿ ಬೈಸ್ಕೊಂಡಿದೀನಿ."

"ಯಾರೂ ಕಲಿಸಿಲ್ಲ. ಹುಟ್ಟಿದಾಗಿಂದ ಗೊತ್ತು ಅದಕ್ಕೆ."

ಇನ್ನೇನು ಮಾಡಬೇಕು ಅನ್ನುವುದನ್ನು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಆದರೂ ಮೇಡಂ ಹೇಳಿದರು. ಬರೆದುಕೊಟ್ಟಷ್ಟನ್ನೂ ತಿನ್ನಬೇಕು, ಮೊಟ್ಟೆ, ಮೀನು, ಕಾಳು ಬಿಡಲೇಬಾರದು. ಭಾರ ಎತ್ತುವ ಕೆಲಸ ಮಾಡಬೇಕು, ಸ್ನಾಯು ಇದ್ದಷ್ಟೂ ಉರಿ ಹೆಚ್ಚು. ಚೆನ್ನಾಗಿ ನಿದ್ದೆ ಮಾಡಬೇಕು. ಮೆಣಸಿನಕಾಯಿ, ಐಸಿನ ನೀರು ಲಾರಿ ಡ್ರೈವರಿಗೇ ಇರಲಿ.

ಮನೆಗೆ ಹೋಗುವ ಬಸ್ಸಿನಲ್ಲಿ ಅವನಿಗೆ ಕೂರಲು ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿ ಒಬ್ಬ ಮುದುಕ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಪಕ್ಕದಲ್ಲಿ ಒಬ್ಬ ತಾಯಿಯ ಹೆಗಲ ಮೇಲೆ ಕೂಸು. ನಿಂತವರು, ಜೋತುಬಿದ್ದವರು, ಫೋನಿನಲ್ಲಿ ಜಗಳ ಆಡುತ್ತಿದ್ದವರು. ಅಷ್ಟೂ ಜನರ ಒಳಗೆ ಒಂದೊಂದು ಒಲೆ ಉರಿಯುತ್ತಿದೆ, ಹುಟ್ಟಿದ ದಿನ ಹೊತ್ತಿದ್ದು ಇವತ್ತಿನವರೆಗೂ ಒಂದು ಗಳಿಗೆಯೂ ಆರಿಲ್ಲ, ಇವರಾರಿಗೂ ಅದರ ಗೊಡವೆಯೇ ಇಲ್ಲ ಅನ್ನುವುದನ್ನು ನೆನೆದು ಕೆಂಡಣ್ಣನ ಮೈ ಜುಮ್ಮೆಂದಿತು. ತಾನು ಇಪ್ಪತ್ತನಾಲ್ಕು ವರ್ಷದ ಸೋಮವಾರಗಳನ್ನು ಹೇಳಿಕೊಂಡು ಮೆರೆದದ್ದು ನೆನಪಾಗಿ ನಾಚಿಕೆಯೂ ಆಯಿತು. ತನ್ನೊಳಗೇ ಒಬ್ಬ ಇದ್ದಾನೆ, ಅವನಿಗೆ ಭಾನುವಾರವೂ ಇಲ್ಲ, ಕುರ್ಚಿಯೂ ಇಲ್ಲ, ನಲವತ್ತೇಳು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ತಾನು ಹೊಟ್ಟೆಗೆ ಹಾಕದೆ ಸಾಯಿಸುತ್ತಿದ್ದಾಗ ಅವನು ಬೂದಿ ಬಳಿದು ಕಾಪಾಡಿದ್ದಾನೆ. ಇಳಿಯುವ ಸ್ಟಾಪು ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಎರಡು ಸ್ಟಾಪು ಹಿಂದಕ್ಕೆ ನಡೆದುಕೊಂಡು ಬಂದ.

ಅರ್ಥವಾಗುವುದು ಬೇರೆ, ತಿನ್ನುವುದು ಬೇರೆ. ಹೆಂಡತಿ ಚೀಟಿ ನೋಡಿಕೊಂಡು ತಟ್ಟೆ ತುಂಬ ಬಡಿಸಿದಾಗ ಅವನಿಗೆ ಕೈ ಬಾಯಿಗೆ ಹೋಗಲಿಲ್ಲ. ಇನ್ನು ಐದೇ ವಾರ ಇದೆ. ತಿಂದ ಒಂದೊಂದು ತುತ್ತೂ ಅಕ್ಕನ ಒಂದೊಂದು ದಿನವನ್ನು ತಿಂದ ಹಾಗೆ ಅನಿಸಿತು. ಮೇಡಂ ಹೇಳಿದ್ದು ಸುಳ್ಳಾದರೆ? ಇಪ್ಪತ್ತು ನಿಮಿಷದ ಯಂತ್ರವನ್ನು ನಂಬಿ ಅಕ್ಕನನ್ನು ಕಳಕೊಂಡರೆ? ಮೂರು ದಿನ ಹಾಗೇ ಕಳೆಯಿತು. ಹೆಂಡತಿ ಬೇಡಿದಳು, ರೇಗಿದಳು, ಕೊನೆಗೆ ಹೋಗಿ ಅಕ್ಕನ ಹತ್ತಿರವೇ ಹೇಳಿದಳು.

ಅಕ್ಕ ಆಟೋ ಹತ್ತಿ ಬಂದಳು. ಹಳದಿ ಕಣ್ಣು, ಕಡ್ಡಿಯಂಥ ಕೈ, ನೀರು ತುಂಬಿದ ಹೊಟ್ಟೆ. ತಮ್ಮನ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತು ಕನ್ನಡಕ ತೆಗೆದಳು. ಅದು ಅವಳ ಹಳೇ ರೂಢಿ. ಯಾವ ಕೆಲಸ ಶುರು ಮಾಡುವಾಗಲೂ ಕನ್ನಡಕದ ಗಾಜಿಗೆ ಹಾ ಅಂತ ಬಾಯಿಯ ಗಾಳಿ ಊದಿ, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡೇ ಸೂಜಿ ಮುಟ್ಟುತ್ತಿದ್ದಳು. ಈಗಲೂ ಊದಿದಳು. ಗಾಜಿನ ಮೇಲೆ ಒಂದು ಕಾಳಿನಷ್ಟೂ ಮಂಜು ಕೂರಲಿಲ್ಲ. ಅಷ್ಟು ಉಸಿರೂ ಅವಳಲ್ಲಿ ಇರಲಿಲ್ಲ. ಅವಳು ಅದನ್ನು ಗಮನಿಸದವಳ ಹಾಗೆ ಒಣಗಾಜನ್ನೇ ಒರೆಸಿ ಹಾಕಿಕೊಂಡಳು.

"ತಿನ್ನು," ಅಂದಳು.

"ಅಕ್ಕ, ತೂಕ ಏರಿಬಿಟ್ರೆ..."

"ಏರಿದ್ರೆ ಏರಲಿ. ಚಿಕ್ಕವನಿದ್ದಾಗ ನನ್ನ ತಟ್ಟೇದೂ ನೀನೇ ತಿಂತಿದ್ದೆ, ಆಗ ಕೇಳಿದ್ಯಾ? ನಾನು ಇಷ್ಟು ವರ್ಷ ನಿನಗೆ ಉಣ್ಣಿಸಿದ್ದು ನೀನು ಹಸ್ಕೊಂಡು ಸಾಯಲಿ ಅಂತಲ್ಲ, ಪುಟ್ಟ. ನಿನ್ನ ಲಿವರ್ ಸಿಕ್ಕಿದ್ರೆ ತಗೋತೀನಿ. ಸಿಗದಿದ್ರೂ ನೀನು ಇರಬೇಕು. ತಿನ್ನು, ನಾನು ನೋಡ್ತೀನಿ."

ಅವನು ತಿಂದ. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. ಅಕ್ಕ ತಟ್ಟೆ ಖಾಲಿಯಾಗುವವರೆಗೂ ಎದ್ದೇಳಲಿಲ್ಲ. ಹೊರಡುವಾಗ ಅವಳ ಕೈ ಹಿಡಿದು ಆಟೋ ಹತ್ತಿಸಿದ. ಅಷ್ಟು ಸೋತ ಮೈಯಲ್ಲೂ ಕೈ ಬೆಚ್ಚಗಿತ್ತು. ಅವಳೊಳಗಿನವನೂ ಇನ್ನೂ ಕೆಲಸ ಬಿಟ್ಟಿಲ್ಲ ಅಂದುಕೊಂಡ.

ಮರುದಿನ ಅವನು ಮ್ಯಾನೇಜರ ಎದುರು ನಿಂತು, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಆ ಪಟ್ಟಿ ನಿಲ್ಲಿಸಬೇಕು, ಕಲ್ಲಿದ್ದಲು ತಾನೇ ಹಾಕುತ್ತೇನೆ ಅಂದ. ಮ್ಯಾನೇಜರು ಅವನಿಗೆ ತಲೆ ಕೆಟ್ಟಿದೆ ಅಂತಲೇ ತಿಳಿದು, ಹಬೆ ಇಳಿಯದಿದ್ದರೆ ಏನಾದರೂ ಮಾಡಿಕೋ ಅಂದರು. ಮೂಲೆಯಲ್ಲಿದ್ದ ಸಲಿಕೆಯ ಜೇಡರಬಲೆ ಕೊಡವಿದ್ದಾಯಿತು. ಮೊದಲ ದಿನ ಹದಿನೈದು ಸಲಿಕೆಗೇ ಸೊಂಟ ಹಿಡಿಯಿತು. ಇಸ್ತ್ರಿ ಸಾಲಿನ ಹೆಂಗಸರು ಬಾಗಿಲಲ್ಲಿ ಗುಂಪು ಕಟ್ಟಿ, "ಕೆಂಡಣ್ಣ ಮತ್ತೆ ಮದುವೆ ಗಂಡಾಗ್ತಾ ಇದಾನೆ," ಅಂತ ನಕ್ಕರು. ಅವನೂ ನಕ್ಕ. ಎಷ್ಟೋ ದಿನದ ಮೇಲೆ ಬೆವರು ಬಂದಿತ್ತು.

ಮೊದಲ ವಾರದ ಕೊನೆಗೆ ತೂಕ ಅರ್ಧ ಕೆಜಿ ಏರಿತು. ಗಾಬರಿಯಲ್ಲಿ ಮೇಡಂಗೆ ಫೋನ್ ಮಾಡಿದರೆ, "ಸೋಮವಾರ ಬೆಳಿಗ್ಗೆ ಬೂದಿ ಕೆದಕಿದ ತಕ್ಷಣ ಹಬೆ ಬರುತ್ತಾ?" ಅಂತ ಕೇಳಿದರು. ಬರಲ್ಲ ಅಂದ. "ಎಷ್ಟು ಹೊತ್ತು ಬೇಕು?" ಒಳಗಿನ ನೀರೆಲ್ಲ ಕಾಯಬೇಕಲ್ಲ ಮೇಡಂ, ಅಂದವನು ತನ್ನ ಮಾತು ತನಗೇ ಕೇಳಿಸಿ, ಫೋನ್ ಇಟ್ಟು ಸಲಿಕೆ ಹಿಡಿದ.

ಎರಡನೆಯ ವಾರ ಸ್ವೆಟರ್ ಬಿಚ್ಚಿದ. ಮುಳ್ಳು ಅಲ್ಲಾಡಿತು. ಮೂರನೆಯ ವಾರ ಎಂಬತ್ತೊಂಬತ್ತು. ಅದರ ಮುಂದಿನ ವಾರ ಎಂಬತ್ತೇಳು. ಅವನು ತಿನ್ನುತ್ತಿದ್ದ, ಎತ್ತುತ್ತಿದ್ದ, ಮಲಗುತ್ತಿದ್ದ, ತೂಕ ಇಳಿಯುತ್ತಿತ್ತು. ಗಡುವಿನ ಬೆಳಿಗ್ಗೆ ಆಸ್ಪತ್ರೆಯ ತಕ್ಕಡಿಯ ಮೇಲೆ ಎಂಬತ್ತೈದೂವರೆ ತೋರಿಸಿತು. ಸ್ಕ್ಯಾನ್ ಆಯಿತು. ಡಾಕ್ಟರು ಹಳೆಯದು ಹೊಸದು ಎರಡನ್ನೂ ಬೆಳಕಿಗೆ ಹಿಡಿದರು. ಹಳೆಯದರಲ್ಲಿ ಲಿವರ್ ಬಿಳಿಚಿಕೊಂಡಿತ್ತು. ಹೊಸದರಲ್ಲಿ ಬೂದಿ ಕೊಡವಿದ ಹಾಗೆ ಕಪ್ಪಗೆ, ಶುಭ್ರವಾಗಿತ್ತು.

"ತಗೋಬಹುದು," ಅಂದರು ಡಾಕ್ಟರು. "ನಿಮ್ಮದು ಮೂರು ತಿಂಗಳಲ್ಲಿ ಹೆಚ್ಚುಕಮ್ಮಿ ಮೊದಲಿನಷ್ಟೇ ಬೆಳ್ಕೊಳ್ಳುತ್ತೆ. ಅವರೊಳಗೂ ಬೆಳೆಯುತ್ತೆ."

ಕೆಂಡಣ್ಣ ಅಲ್ಲೇ ಬೆಂಚಿನ ಮೇಲೆ ಕೂತ. ಊಟದ ಮೇಡಂ ನೀರು ತಂದುಕೊಟ್ಟರು. ನೀರು ಕುಡಿದು ಅವನು ಐದು ವಾರದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದ.

"ಮೇಡಂ, ಹತ್ತೂವರೆ ಕೆಜಿ ನನ್ನ ಮೈಮೇಲಿತ್ತು. ಈಗ ಇಲ್ಲ. ಎಲ್ಲಿ ಹೋಯ್ತು? ಬೆವರಲ್ಲಾ? ಬಚ್ಚಲಲ್ಲಾ?"

ಮೇಡಂ ನಕ್ಕರು. "ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ. ಹತ್ತು ಕೆಜಿ ಕೊಬ್ಬು ಉರಿದ್ರೆ ಎಂಟು ಕೆಜಿಗೂ ಮೇಲೆ ಉಸಿರಲ್ಲೇ ಹೋಗುತ್ತೆ. ಮಿಕ್ಕಿದ್ದು ನೀರಾಗುತ್ತೆ, ಅದರಲ್ಲೂ ಒಂದಿಷ್ಟು ಉಸಿರಿನ ಜೊತೆಗೇ ಹೋಗುತ್ತೆ. ನೀವು ಅದನ್ನ ಊದಿ ಊದಿ ಕಳಿಸಿಬಿಟ್ರಿ."

ಕೆಂಡಣ್ಣ ಬಾಯಿಯ ಎದುರು ಅಂಗೈ ಹಿಡಿದು ಉಸಿರು ಬಿಟ್ಟ. ಬೆಚ್ಚಗಿತ್ತು. ಇಷ್ಟು ವರ್ಷ ಲಾರಿಗಟ್ಟಲೆ ಕಲ್ಲಿದ್ದಲು ಚಿಮ್ನಿಯಲ್ಲಿ ಹೊಗೆಯಾಗಿ ಹೋದದ್ದನ್ನು ತಲೆಯೆತ್ತಿ ನೋಡಿದವನು ಅವನು. ಅದು ತನ್ನ ಮೂಗಿನ ಕೆಳಗೇ ನಡೆಯುತ್ತಿತ್ತು ಅಂತ ಗೊತ್ತಿರಲಿಲ್ಲ. ಇನ್ನೊಮ್ಮೆ ಬಿಟ್ಟ, ಇನ್ನೊಮ್ಮೆ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅಕ್ಕ ತಮ್ಮ ಇಬ್ಬರಿಗೂ ಒಂದೇ ಬಣ್ಣದ ಅಂಗಿ ಹಾಕಿಸಿದ್ದರು. ಅವನು ಅವಳ ಮಂಚದ ಅಂಚಿನಲ್ಲಿ ಹೋಗಿ ಕೂತ. ನಿನ್ನ ಅಂಗಿಯ ಬೆನ್ನಿಗೆ ಒಂದು ಗುಂಡಿ ಸಡಿಲವಾಗಿದೆ, ಸೂಜಿ ಇದ್ದಿದ್ದರೆ ಹಾಕಿಬಿಡುತ್ತಿದ್ದೆ ಅಂತ ಅಕ್ಕ ಗೊಣಗಿದಳು. ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹೊಟ್ಟೆ ಎಲ್ಲಿ ಹೋಯ್ತೋ ಪುಟ್ಟ?"

ಅವನು ಅವಳ ಮೂಗಿನ ಮೇಲಿಂದ ಕನ್ನಡಕ ತೆಗೆದುಕೊಂಡ. ಬಾಯಿ ಅಗಲಿಸಿ ಎದೆಯಾಳದಿಂದ ಹಾ ಅಂತ ಊದಿದ. ಒಂದು ಗಾಜಿಗೆ, ಆಮೇಲೆ ಇನ್ನೊಂದಕ್ಕೆ. ಎರಡೂ ಗಾಜು ದಟ್ಟವಾಗಿ ಮಂಜು ಕಟ್ಟಿ ಬೆಳ್ಳಗಾದವು.

"ಇಗೋ, ಇಲ್ಲಿ," ಅಂದ.

ಸೆರಗು ಹುಡುಕಲು ಹೋದ ಅಕ್ಕನ ಕೈಗೆ ಆಸ್ಪತ್ರೆಯ ಅಂಗಿಯಲ್ಲಿ ಸೆರಗು ಸಿಗಲಿಲ್ಲ. ಅವಳು ಕನ್ನಡಕವನ್ನು ಒರೆಸದೆ ಹಾಗೇ ಹಾಕಿಕೊಂಡಳು. ತಲೆದಿಂಬಿಗೆ ಒರಗಿ, ತಮ್ಮ ಇದ್ದ ಕಡೆಗೆ ಮುಖ ಮಾಡಿ ಕೂತಳು. ಗಾಜಿನ ಅಂಚಿನಿಂದ ಮಂಜು ಮೆಲ್ಲಗೆ ಕರಗತೊಡಗಿತು. ಮೊದಲು ಕಿಟಕಿ ಕಂಡಿತು, ಆಮೇಲೆ ಅವನ ಭುಜ, ಆಮೇಲೆ ಮುಖ.